ಕ್ಲಿನಿಕಲ್ ಸೈಕಾಲಜಿ ಪಿಎಚ್‌.ಡಿ: ಅರ್ಜಿಗೂ ಮೊದಲಿನ ಪ್ರಶ್ನೆ

ಆಗಸ್ಟ್ ಬಂತೆಂದರೆ ನನಗೆ ಬರುವ ಪತ್ರಗಳ ಸ್ವರೂಪವೇ ಬದಲಾಗುತ್ತದೆ. ಉಳಿದ ತಿಂಗಳುಗಳಲ್ಲಿ ನಿದ್ದೆ ಬಾರದಿರುವುದು, ಮಕ್ಕಳ ಮೊಬೈಲ್ ಗೀಳು, ಪರೀಕ್ಷೆಯ ಭಯ ಇವೇ ಹೆಚ್ಚು. ಆಗಸ್ಟಿನಲ್ಲಿ ಬರೆಯುವವರು ಎಂ.ಎಸ್ಸಿ ಮುಗಿಸಿದ ಅಥವಾ ಕೊನೆಯ ವರ್ಷದಲ್ಲಿರುವ ಮನೋವಿಜ್ಞಾನದ ವಿದ್ಯಾರ್ಥಿಗಳು, ಅವರಿಗಿಂತಲೂ ಆತಂಕದಲ್ಲಿರುವ ಅವರ ಅಪ್ಪ-ಅಮ್ಮಂದಿರು. ಕೇಳುವುದು ಹೆಚ್ಚುಕಡಿಮೆ ಒಂದೇ: ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್‌.ಡಿ ಮಾಡಬೇಕು, ಎಷ್ಟು ಅಂಕ ಬೇಕು, ಯಾವ ವಿಶ್ವವಿದ್ಯಾಲಯ ಒಳ್ಳೆಯದು, ಅರ್ಜಿ ಹೇಗೆ ಹಾಕುವುದು? ಈ ವಿಷಯ ಪಾಠ ಮಾಡುತ್ತ, ವಿದ್ಯಾರ್ಥಿಗಳಿಗೆ ಶಿಫಾರಸು ಪತ್ರ ಬರೆಯುತ್ತ, ಅವರ ಎಸ್‌ಒಪಿಗಳನ್ನು, ಅಂದರೆ ಅರ್ಜಿಯ ಜೊತೆ ಕಳಿಸುವ ಉದ್ದೇಶ ಪತ್ರಗಳನ್ನು, ಓದುತ್ತ ಬಂದಿರುವುದರಿಂದ ಈ ಸಲದ ಅಂಕಣವನ್ನು ಅವರಿಗೇ ಮೀಸಲಿಡುತ್ತಿದ್ದೇನೆ. ಅಂಕಪಟ್ಟಿ, ಟೋಫೆಲ್, ವೀಸಾ ಇತ್ಯಾದಿಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅರ್ಜಿಗೆ ಮೊದಲು ಇತ್ಯರ್ಥವಾಗಬೇಕಾದ ಸಂಗತಿಯ ಬಗ್ಗೆ ಮುಖ್ಯವಾಗಿ ಇಲ್ಲಿ ಬರೆಯುತ್ತೇನೆ.

ಬಂದವರನ್ನೆಲ್ಲ ನಾನು ಮೊದಲು ಕೇಳುವುದಿಷ್ಟು. ನಿಮಗೆ ರೋಗಿಯ ಎದುರು ಕೂತು ಚಿಕಿತ್ಸೆ ಕೊಡುವ ಆಸೆಯೋ, ಕಾಯಿಲೆ ಯಾಕೆ ಹೀಗೆ ನಡೆದುಕೊಳ್ಳುತ್ತದೆ ಎಂದು ವರ್ಷಗಟ್ಟಲೆ ಬೆನ್ನು ಹತ್ತುವ ಆಸೆಯೋ? "ಎರಡೂ" ಅನ್ನುವವರೇ ಜಾಸ್ತಿ. ಎರಡೂ ಇರುವುದು ಒಳ್ಳೆಯದೇ. ಅಮೆರಿಕದ ಕ್ಲಿನಿಕಲ್ ಪಿಎಚ್‌.ಡಿ ನಿಂತಿರುವುದೇ ಆ ಎರಡರ ಜೋಡಿಯ ಮೇಲೆ. 1949ರಲ್ಲಿ ಕೊಲರಾಡೊದ ಬೋಲ್ಡರ್ ಊರಿನಲ್ಲಿ ಸೇರಿದ್ದ ಮನೋವಿಜ್ಞಾನಿಗಳು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವವರು ಮೊದಲು ವಿಜ್ಞಾನಿಗಳಾಗಬೇಕು, ಜೊತೆಗೇ ಚಿಕಿತ್ಸಕರೂ ಆಗಬೇಕು ಎಂದು ತೀರ್ಮಾನಿಸಿದರು. ಆ ತೀರ್ಮಾನದ ನೆರಳಿನಲ್ಲೇ ಇವತ್ತಿನ ಬಹುಪಾಲು ಪಿಎಚ್‌.ಡಿ ಕಾರ್ಯಕ್ರಮಗಳು ನಡೆಯುತ್ತಿವೆ. ಆದರೆ ಚಿಕಿತ್ಸೆಯನ್ನೇ ಮುಖ್ಯ ಕಸುಬು ಮಾಡಿಕೊಳ್ಳುವವರಿಗೆ ಇಷ್ಟೆಲ್ಲ ಸಂಶೋಧನೆ ಯಾಕೆ ಎಂಬ ಪ್ರಶ್ನೆಯೂ ಬೆಳೆಯುತ್ತಾ ಹೋಯಿತು. 1968ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಸೈ.ಡಿ ಎಂಬ ಬೇರೆಯದೇ ಡಾಕ್ಟರೇಟನ್ನು ಆರಂಭಿಸಿತು. 1973ರಲ್ಲಿ ಕೊಲರಾಡೊದ್ದೇ ವೇಲ್ ಊರಿನಲ್ಲಿ ನಡೆದ ಸಮ್ಮೇಳನ ಆ ದಾರಿಗೆ ಮಾನ್ಯತೆ ಕೊಟ್ಟಿತು. ಪಿಎಚ್‌.ಡಿ ಮಾಡಿದವರಂತೆ ಸೈ.ಡಿ ಮಾಡಿದವರೂ ಅಲ್ಲಿ ಪರವಾನಗಿ ಪಡೆದು ವೃತ್ತಿ ಮಾಡಬಹುದು.

ವ್ಯತ್ಯಾಸ ಹೆಚ್ಚಾಗಿ ಕಾಣುವುದು ದುಡ್ಡಿನ ವಿಷಯದಲ್ಲಿ. ಪಿಎಚ್‌.ಡಿಗೆ ಸೇರಿದವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ, ಪಾಠ ಮಾಡಿದ್ದಕ್ಕೋ ಸಂಶೋಧನೆಯಲ್ಲಿ ದುಡಿದದ್ದಕ್ಕೋ ಜೀವನಕ್ಕಾಗುವಷ್ಟು ಸ್ಟೈಪೆಂಡೂ ಬರುತ್ತದೆ. ಸೈ.ಡಿಯಲ್ಲಿ ಕೆಲವು ಅಪವಾದ ಬಿಟ್ಟರೆ ಖರ್ಚು ವಿದ್ಯಾರ್ಥಿಯದೇ. ಖಾಸಗಿ ಸಂಸ್ಥೆಗಳಲ್ಲಿ ಶುಲ್ಕವೊಂದೇ ಒಟ್ಟು ಕೋಟಿ ರೂಪಾಯಿ ದಾಟುವುದುಂಟು. ದುಡ್ಡು ಕೊಟ್ಟು ಓದುವ ಕಡೆ ಸೀಟು ಹೆಚ್ಚು, ದುಡ್ಡು ಕೊಡದೆ ಓದುವ ಕಡೆ ಒಂದು ಕಾರ್ಯಕ್ರಮಕ್ಕೆ ನೂರಾರು ಅರ್ಜಿ, ಸೇರಿಸಿಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಮನೆ ಒತ್ತೆಯಿಟ್ಟು ಸೈ.ಡಿಗೆ ಕಳಿಸಲು ಹೊರಟ ತಂದೆ-ತಾಯಿಯರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಚಿಕಿತ್ಸಕರ ಸಂಬಳದಲ್ಲಿ ಆ ಸಾಲ ತೀರಿಸುವುದು ಅಮೆರಿಕದಲ್ಲೇ ಉಳಿಯುವವರಿಗೂ ಕಷ್ಟ, ವಾಪಸು ಬರುವವರಿಗಂತೂ ಆಗದ ಮಾತು.

ಅದರ ಹಿಂದೆಯೇ ಬರುವ ಪ್ರಶ್ನೆ: ಓದು ಮುಗಿಸಿ ಎಲ್ಲಿ ಕೆಲಸ ಮಾಡುತ್ತೀರಿ? ಇದನ್ನು ಯೋಚಿಸದೆ ಅರ್ಜಿ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಿಎಚ್‌.ಡಿ ಅಂದರೆ ಎಲ್ಲಕ್ಕಿಂತ ದೊಡ್ಡ ಪದವಿ, ಅದು ಕೈಗೆ ಬಂದರೆ ಬೋರ್ಡು ಹಾಕಿಕೊಳ್ಳಬಹುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಭಾರತದ ಕಾನೂನು ಹಾಗೆ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗ ನೋಡುವುದು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿಯನ್ನು. ಎರಡು ವರ್ಷ ಪೂರ್ಣಾವಧಿ, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುತ್ತ ಮುಗಿಸುವ ಎಂ.ಫಿಲ್ ಅಲ್ಲಿ ಹೆಸರಿಸಿ ಹೇಳಿದ ದಾರಿ. ಪರಿಷತ್ತು ಮಾನ್ಯ ಮಾಡಿದ ಸೈ.ಡಿ ಕೋರ್ಸುಗಳೂ ನಮ್ಮಲ್ಲಿವೆ. ಸಾಮಾನ್ಯ ಮನೋವಿಜ್ಞಾನ ವಿಭಾಗವೊಂದರಲ್ಲಿ ಪಿಎಚ್‌.ಡಿ ಪಡೆದವರು ಎಷ್ಟೇ ಒಳ್ಳೆಯ ಸಂಶೋಧಕರಾಗಿದ್ದರೂ ಆ ಒಂದು ಪದವಿಯ ಬಲದಿಂದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ವೃತ್ತಿ ನಡೆಸುವುದು ಒಂದು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧ. ಅಮೆರಿಕದಲ್ಲಿ ಓದಿ ಬಂದವರೂ ಇಲ್ಲಿ ವೃತ್ತಿ ಮಾಡಬೇಕಾದರೆ ಪರಿಷತ್ತು ಅವರ ಪದವಿಯನ್ನು ಒಪ್ಪಬೇಕು.

ಇಲ್ಲಿನ ತರಬೇತಿಯ ಬೇರು ಇರುವುದು ಬೆಂಗಳೂರಿನಲ್ಲೇ ಎಂಬುದನ್ನು ನಮ್ಮ ಹುಡುಗರು ಮರೆಯಬಾರದು. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ಆರಂಭಿಸಿತು. ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಹೊರರೋಗಿ ವಿಭಾಗದಲ್ಲಿ ಬೀದರಿನಿಂದಲೂ ಚಾಮರಾಜನಗರದಿಂದಲೂ ಬಂದವರು ಬೆಳಿಗ್ಗೆಯಿಂದ ಸಾಲುಗಟ್ಟಿ ಕೂತಿರುತ್ತಾರೆ. ನಮ್ಮ ಜನರಿಗೆ ನಮ್ಮ ಭಾಷೆಯಲ್ಲಿ ಚಿಕಿತ್ಸೆ ಕೊಡಬೇಕೆಂಬುದೇ ನಿಮ್ಮ ಆಸೆಯಾದರೆ ಅಲ್ಲಿ ಅಥವಾ ಅಂಥ ಸಂಸ್ಥೆಯಲ್ಲಿ ಕಲಿಯುವುದಕ್ಕಿಂತ ನೇರವಾದ ದಾರಿ ಇಲ್ಲ. ಆದರೆ ಈ ದಾರಿಯೂ ಈಗ ತಿರುವಿನಲ್ಲಿದೆ. ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟು, ಆಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರ ಪ್ರವೇಶದವರೆಗೆ ಅವಕಾಶ ಕೊಟ್ಟಿತು. ಹೀಗಾಗಿ ಇಲ್ಲಿ ಓದಬೇಕೆನ್ನುವವರು ಸೀನಿಯರುಗಳ ಮಾತಿನ ಮೇಲೆ ಹೋಗದೆ, ತಾವು ಸೇರುವ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಬೇಕು.

ಇಷ್ಟೆಲ್ಲ ಕೇಳಿದ ಮೇಲೂ ಅಮೆರಿಕದ ಪಿಎಚ್‌.ಡಿಯೇ ಬೇಕು ಅನ್ನುವವರು ಉಳಿಯುತ್ತಾರಲ್ಲ, ಅವರ ಜೊತೆ ಕೂತು ಮಾತಾಡುವುದು ನನಗೆ ಇಷ್ಟ. ಅವರಿಗೆ ಮೊದಲು ಹೇಳುವುದು, ನೀವು ಅರ್ಜಿ ಹಾಕುವುದು ವಿಶ್ವವಿದ್ಯಾಲಯಕ್ಕಲ್ಲ, ಒಬ್ಬ ಪ್ರಾಧ್ಯಾಪಕರಿಗೆ ಎಂದು. ನಮ್ಮಲ್ಲಿ ಪ್ರವೇಶ ಪರೀಕ್ಷೆ, ರ‍್ಯಾಂಕು, ಕೌನ್ಸೆಲಿಂಗ್, ಆಮೇಲೆ ಮಾರ್ಗದರ್ಶಕರು. ಅಲ್ಲಿ ಬಹುತೇಕ ಕಡೆ ಇದು ತಿರುಗುಮುರುಗು. ಪ್ರತಿ ಪ್ರಾಧ್ಯಾಪಕರಿಗೂ ಅವರದೇ ಲ್ಯಾಬ್. ಅವರು ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ತೆಗೆದುಕೊಳ್ಳುತ್ತಾರೆ, ಕೆಲವು ವರ್ಷ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ನಿಮ್ಮ ಆಸಕ್ತಿ ಅವರ ಕೆಲಸಕ್ಕೆ ಹೊಂದದಿದ್ದರೆ ಚಿನ್ನದ ಪದಕವಿದ್ದರೂ ಅರ್ಜಿ ಪಕ್ಕಕ್ಕೆ ಹೋಗುತ್ತದೆ, ಹೊಂದಿದರೆ ಸಾಧಾರಣ ಅಂಕದವರನ್ನೂ ಕರೆಯುತ್ತಾರೆ. ಆದ್ದರಿಂದ ಸೆಪ್ಟೆಂಬರಿನಲ್ಲೇ ಒಂದು ಚಿಕ್ಕ ಮೇಲ್ ಹಾಕಿ ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿಕೊಳ್ಳುವುದು ಅಲ್ಲಿ ರೂಢಿ. ಅನೇಕರು ತಮ್ಮ ಲ್ಯಾಬಿನ ಪುಟದಲ್ಲೇ ಅದನ್ನು ಬರೆದಿಟ್ಟಿರುತ್ತಾರೆ. ಅದನ್ನು ಓದಿದ ಮೇಲೆ ಮತ್ತೆ ಕೇಳಬೇಡಿ.

ಹೀಗಿರುವಾಗ ಎಸ್‌ಒಪಿ ಎಂಬುದು ಆತ್ಮಕಥೆಯಾಗಬಾರದು. ನಾನು ಓದುವ ಹತ್ತರಲ್ಲಿ ಎಂಟು ಕರಡುಗಳು, ಚಿಕ್ಕಂದಿನಿಂದಲೂ ಗೆಳೆಯರೆಲ್ಲ ತಮ್ಮ ಕಷ್ಟ ನನ್ನ ಹತ್ತಿರವೇ ಹೇಳಿಕೊಳ್ಳುತ್ತಿದ್ದರು ಎಂದು ಶುರುವಾಗುತ್ತವೆ. ಇನ್ನು ಕೆಲವು ಬರೆದವರದೇ ಖಿನ್ನತೆಯಿಂದ, ಮನೆಯಲ್ಲಾದ ಆತ್ಮಹತ್ಯೆಯಿಂದ ಆರಂಭವಾಗುತ್ತವೆ. ಅವನ್ನು ಓದುವಾಗ ಗಂಟಲು ಕಟ್ಟುತ್ತದೆ. ಆ ನೋವಿನಿಂದಲೇ ಈ ವಿಷಯಕ್ಕೆ ಬಂದವರು ಬಹಳ ಜನ, ಬಂದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಡ್ರೂ ಆಪಲ್‌ಬಿ ಮತ್ತು ಕರೆನ್ ಆಪಲ್‌ಬಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮನೋವಿಜ್ಞಾನದ ಪ್ರವೇಶ ಸಮಿತಿಗಳ ಮುಖ್ಯಸ್ಥರನ್ನು, ಯಾವುದನ್ನು ಕಂಡರೆ ಅರ್ಜಿಯನ್ನು ತಳ್ಳಿಹಾಕುತ್ತೀರಿ ಎಂದು ಕೇಳಿದ ಅಧ್ಯಯನ ಅದು. ತನ್ನ ಮಾನಸಿಕ ಕಾಯಿಲೆಯನ್ನು ವಿವರವಾಗಿ ಹೇಳಿಕೊಳ್ಳುವುದು, ಜನರಿಗೆ ಸಹಾಯ ಮಾಡಬೇಕೆಂಬ ಆಸೆಯನ್ನೇ ಉದ್ದಕ್ಕೂ ಬರೆಯುವುದು, ಆ ಕಾರ್ಯಕ್ರಮದ ಬಗ್ಗೆ ಏನೂ ತಿಳಿಯದೆ ಅರ್ಜಿ ಹಾಕುವುದು, ಇವೆಲ್ಲ ಆ ಪಟ್ಟಿಯಲ್ಲಿದ್ದವು. ಮನಸ್ಸಿನ ಕಾಯಿಲೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿ ಎಂದು ಊರಿಗೆಲ್ಲ ಹೇಳುವ ನಮ್ಮ ವಿಷಯದಲ್ಲೇ ಹೀಗಿರುವುದು ನನಗೆ ಒಪ್ಪಿಗೆಯಿಲ್ಲ, ಇದು ಬದಲಾಗಬೇಕು. ಆದರೂ ಇವತ್ತು ಅರ್ಜಿ ಹಾಕುವ ವಿದ್ಯಾರ್ಥಿಗೆ ನಾನು ಇದನ್ನು ಹೇಳಲೇಬೇಕು: ನಿಮ್ಮ ನೋವು ನಿಮ್ಮನ್ನು ಯಾವ ಪ್ರಶ್ನೆಯ ಹತ್ತಿರ ತಂದು ನಿಲ್ಲಿಸಿತೋ ಆ ಪ್ರಶ್ನೆಯನ್ನು ಬರೆಯಿರಿ, ನೋವಿನ ವಿವರವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ ಎಂದರೆ ಏನು ಎಂಬುದಕ್ಕೆ ನನ್ನ ಒಬ್ಬ ವಿದ್ಯಾರ್ಥಿನಿಯ ಉದಾಹರಣೆ ಕೊಡುತ್ತೇನೆ. ಅವಳ ಮೊದಲ ಕರಡಿನಲ್ಲೂ ಜನರ ಕಷ್ಟ ಕೇಳುವ ಸ್ವಭಾವದ ಮಾತೇ ಇತ್ತು. ಎರಡನೇ ಪುಟದ ಕೆಳಗೆ, ಮಂಡ್ಯ ಕಡೆಯ ಒಂದು ಮದ್ಯವರ್ಜನ ಶಿಬಿರದಲ್ಲಿ ಸ್ವಯಂಸೇವಕಿಯಾಗಿದ್ದೆ ಎಂಬ ಒಂದು ಸಾಲು. ಅಲ್ಲಿ ಏನು ನೋಡಿದೆ ಎಂದು ಕೇಳಿದೆ. ಶಿಬಿರ ಮುಗಿದವರನ್ನು ತಿಂಗಳಿಗೊಮ್ಮೆ ಕರೆಸುತ್ತಿದ್ದರಂತೆ. ರಿಜಿಸ್ಟರಿನಲ್ಲಿ ಗಂಡನ ತೂಕ, ಲಿವರಿನ ವರದಿ, ಕುಡಿಯದೆ ಎಷ್ಟು ದಿನವಾಯಿತು, ಎಲ್ಲಕ್ಕೂ ಕಾಲಂ ಇತ್ತು. ಜೊತೆಗೆ ಬಂದ ಹೆಂಡತಿಗೆ ಇದ್ದದ್ದು ಸಹಿ ಹಾಕುವ ಜಾಗ ಮಾತ್ರ. ಒಬ್ಬಾಕೆ ಹೇಳಿದ್ದಳಂತೆ, ಅವರು ಬಿಟ್ಟು ನಾಲ್ಕು ತಿಂಗಳಾಯಿತು ಅಕ್ಕ, ಆದರೂ ರಾತ್ರಿ ಒಂಬತ್ತಕ್ಕೆ ಬೀದಿಯಲ್ಲಿ ಬೈಕ್ ಸದ್ದಾದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ ಎಂದು. ವಿದ್ಯಾರ್ಥಿನಿ ಇದನ್ನು ಹೇಳುತ್ತಿದ್ದಂತೆ ಅವಳ ಅರ್ಜಿ ಅಲ್ಲೇ ಸಿಕ್ಕಿತು ಅನ್ನಿಸಿತು. ಕುಡಿಯುವವನು ಕುಡಿತ ಬಿಟ್ಟಾಗ ಹೆಂಡತಿಯ ಆತಂಕ ತಾನಾಗಿಯೇ ಇಳಿಯುತ್ತದೆಯೇ? ಎಷ್ಟು ತಿಂಗಳಲ್ಲಿ? ಯಾರಲ್ಲಿ ಇಳಿಯುವುದಿಲ್ಲ, ಯಾಕೆ?

ಆ ಪ್ರಶ್ನೆ ಕೈಗೆ ಬಂದ ಮೇಲೆ ಅವಳಿಗೆ ಓದಬೇಕಾದ್ದು ತಾನಾಗಿ ತೆರೆದುಕೊಂಡಿತು. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮದ್ಯವ್ಯಸನಕ್ಕೆ ಚಿಕಿತ್ಸೆ ಕೊಡುವ ಕ್ರಮದ ಮೇಲೆ ಟಿಮೊತಿ ಓಫ್ಯಾರಲ್, ಬಾರ್ಬರಾ ಮ್ಯಾಕ್ರೇಡಿ ಅವರಂಥವರು ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಅವರ ಲೇಖನಗಳನ್ನು ಹಿಡಿದು, ಅವುಗಳನ್ನು ಮುಂದುವರಿಸಿದವರು ಯಾರು, ಈಗ ಯಾವ ಲ್ಯಾಬಿನಲ್ಲಿದ್ದಾರೆ ಎಂದು ಅವಳು ಪಟ್ಟಿ ಮಾಡಿದಳು. ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂಬ ಪ್ರಶ್ನೆಯನ್ನು ಆಮೇಲೆ ಅವಳು ನನ್ನ ಹತ್ತಿರ ಕೇಳಲೇ ಇಲ್ಲ. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಹಲವು ಹೆಸರುಗಳು ಅವಳ ಪಟ್ಟಿಯಲ್ಲಿ ಇರಲಿಲ್ಲ, ಅಲ್ಲಿ ಈ ಕೆಲಸ ಮಾಡುವವರು ಇರಲಿಲ್ಲವಾದ್ದರಿಂದ.

ಪ್ರಶ್ನೆಯೊಂದೇ ಸಾಲದು, ಅದನ್ನು ಹೇಗೆ ಅಳೆಯುವುದು ಎಂಬ ಅಭ್ಯಾಸವೂ ಬೇಕು. ಇದಕ್ಕೆ ಒಂದೆರಡು ವರ್ಷ ಹಿಡಿಯುತ್ತದೆ, ಹಿಡಿಯಲಿ. ಎಂ.ಎಸ್ಸಿ ಮುಗಿದ ತಕ್ಷಣ ಓಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅಮೆರಿಕದ ಅಭ್ಯರ್ಥಿಗಳೂ ಅನೇಕರು ಪದವಿ ಮುಗಿಸಿ ಯಾವುದಾದರೂ ಲ್ಯಾಬಿನಲ್ಲಿ ಪೂರ್ಣಾವಧಿ ಸಂಶೋಧನಾ ಸಹಾಯಕರಾಗಿ ದುಡಿದು ಆಮೇಲೆ ಅರ್ಜಿ ಹಾಕುತ್ತಾರೆ. ನಮ್ಮ ಹುಡುಗರಿಗೆ ಬೆಂಗಳೂರಿನಲ್ಲೇ ಈ ಅವಕಾಶವಿದೆ. ನಿಮ್ಹಾನ್ಸಿನಲ್ಲಿ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಯೋಜನೆಗಳಿಗೆ ಗುತ್ತಿಗೆ ಮೇಲೆ ಸಿಬ್ಬಂದಿಯನ್ನು ತೆಗೆದುಕೊಳ್ಳುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವರ ನೆನಪು, ಯೋಚನಾಶಕ್ತಿ ಹೇಗೆ ಬದಲಾಗುತ್ತದೆ ಎಂದು ವರ್ಷಗಳ ಕಾಲ ಹಿಂಬಾಲಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಇಂಥ ಕೆಲಸದಲ್ಲಿ ಮನೆಮನೆಗೆ ಹೋಗಿ ಅಜ್ಜಿಯ ಜೊತೆ ಜಗುಲಿಯಲ್ಲಿ ಕೂತು ಪ್ರಶ್ನಾವಳಿ ತುಂಬಿಸುವುದನ್ನು, ಒಪ್ಪಿಗೆ ಪತ್ರವನ್ನು ಓದಿ ಹೇಳುವುದನ್ನು, ಸಂಜೆ ಆ ಅಂಕಿಗಳನ್ನು ಕಂಪ್ಯೂಟರಿಗೆ ತಪ್ಪಿಲ್ಲದೆ ಏರಿಸುವುದನ್ನು ಕಲಿಯುತ್ತೀರಿ. ಸಂಖ್ಯಾಶಾಸ್ತ್ರವನ್ನು ಪರೀಕ್ಷೆಗೆ ಮಾತ್ರ ಓದಿದವರಿಗೆ ಅದು ಯಾತಕ್ಕೆಂದು ಗೊತ್ತಾಗುವುದು ಅಲ್ಲಿ. ಸಾಧ್ಯವಾದರೆ ಆರ್ ಎಂಬ ಉಚಿತ ತಂತ್ರಾಂಶವನ್ನು ಕಲಿತುಕೊಳ್ಳಿ. ಒಂದು ಲೇಖನದಲ್ಲಿ ನಿಮ್ಮ ಹೆಸರು ನಾಲ್ಕನೆಯದಾಗಿ ಬಂದರೂ ಅದು ಅರ್ಜಿಯಲ್ಲಿ ಮಾತಾಡುತ್ತದೆ. ಜಿಆರ್‌ಇ ಪರೀಕ್ಷೆಯನ್ನು ಕೋವಿಡ್ ನಂತರ ಬಹಳ ಕಾರ್ಯಕ್ರಮಗಳು ಕೈಬಿಟ್ಟಿವೆ. ಅದರ ಕೋಚಿಂಗಿಗೆ ಇಡುವ ದುಡ್ಡು, ಸಮಯ ಈ ಕೆಲಸಕ್ಕೆ ಹೋಗಲಿ.

ಶಿಫಾರಸು ಪತ್ರದ ಕಥೆಯೂ ಇದಕ್ಕೇ ಬಂದು ಸೇರುತ್ತದೆ. ನಮ್ಮ ಮೇಷ್ಟ್ರುಗಳು ಬರೆಯುವ ಪತ್ರಗಳಲ್ಲಿ ಎಲ್ಲರೂ ಶ್ರಮಜೀವಿಗಳು, ವಿನಯವಂತರು, ಶಿಸ್ತಿನವರು. ಅಂಥ ಪತ್ರದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ವಿಭಾಗದ ಮುಖ್ಯಸ್ಥರು ಸಹಿ ಹಾಕಿದ ನಾಲ್ಕು ಸಾಲಿಗಿಂತ, ಒಂದೂವರೆ ವರ್ಷ ನಿಮ್ಮ ಜೊತೆ ಕೆಲಸ ಮಾಡಿದ ಕಿರಿಯ ಸಂಶೋಧಕರೊಬ್ಬರು, ಈ ಹುಡುಗಿ ನಮ್ಮ ಅಂಕಿಗಳಲ್ಲಿದ್ದ ದೋಷವನ್ನು ತಾನಾಗಿ ಕಂಡುಹಿಡಿದು ಸರಿಪಡಿಸಿದಳು ಎಂದು ಬರೆದರೆ ಅದಕ್ಕೆ ನೂರು ಪಟ್ಟು ತೂಕ.

ಇನ್ನು, ಯಾರೂ ಓದದೆ ಬಿಡುವ ಒಂದು ಪುಟದ ಬಗ್ಗೆ ಹೇಳಬೇಕು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆಯಿರುವ ಪ್ರತಿ ಡಾಕ್ಟರೇಟ್ ಕಾರ್ಯಕ್ರಮವೂ ತನ್ನ ಪ್ರವೇಶ ಮತ್ತು ಫಲಿತಾಂಶದ ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು. ಎಷ್ಟು ಜನ ಓದು ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು, ಎಷ್ಟು ಜನ ನಡುವೆ ಬಿಟ್ಟು ಹೋದರು, ವರ್ಷಕ್ಕೆ ಎಷ್ಟು ಖರ್ಚು, ಎಷ್ಟು ಜನರಿಗೆ ಇಂಟರ್ನ್‌ಶಿಪ್ ಸಿಕ್ಕಿತು, ಎಷ್ಟು ಜನ ಪರವಾನಗಿ ಪಡೆದರು, ಎಲ್ಲ ಅಲ್ಲಿ ಕೋಷ್ಟಕದಲ್ಲಿರುತ್ತದೆ. ಮದುವೆಗೆ ಹುಡುಗನ ಕಡೆಯ ಮನೆತನ ವಿಚಾರಿಸುವಷ್ಟೇ ಶ್ರದ್ಧೆಯಿಂದ ಇದನ್ನು ವಿಚಾರಿಸಿ. ಮಾನ್ಯತೆಯೇ ಇಲ್ಲದ ಕಾರ್ಯಕ್ರಮವಾದರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟು ಸುಲಭಕ್ಕೆ ಸೀಟು ಸಿಕ್ಕಿದರೂ.

ಇಂಟರ್ನ್‌ಶಿಪ್ಪಿನ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ನಾಲ್ಕೈದು ವರ್ಷ ಓದು, ಸಂಶೋಧನೆ, ವಿಭಾಗದ ಚಿಕಿತ್ಸಾಲಯದಲ್ಲಿ ಕೆಲಸ ಮುಗಿದ ಮೇಲೆ ಕೊನೆಯ ಒಂದು ವರ್ಷ ಬೇರೆ ಆಸ್ಪತ್ರೆಯಲ್ಲೋ ಕೇಂದ್ರದಲ್ಲೋ ಪೂರ್ಣಾವಧಿ ದುಡಿಯಬೇಕು. ಅದಕ್ಕೆ ದೇಶಾದ್ಯಂತ ಸ್ಪರ್ಧೆ. ಅಲ್ಲಿ ಮನೋವಿಜ್ಞಾನಿಗಳಿಗೆ ಅತಿ ಹೆಚ್ಚು ತರಬೇತಿ ಕೊಡುವುದು ಮಾಜಿ ಸೈನಿಕರ ಆಸ್ಪತ್ರೆಗಳ ಜಾಲ, ಮತ್ತು ಆ ಜಾಗಗಳು ಅಮೆರಿಕದ ಪೌರರಿಗೆ ಮಾತ್ರ. ಸರ್ಕಾರದ ದೊಡ್ಡ ಸಂಶೋಧನಾ ಫೆಲೋಶಿಪ್‌ಗಳಲ್ಲಿ ಹಲವಕ್ಕೂ ಹೀಗೇ ನಿರ್ಬಂಧವಿದೆ. ಹಾಗೆಂದು ಹಿಂಜರಿಯಬೇಕಿಲ್ಲ, ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ, ಸಮುದಾಯ ಕೇಂದ್ರಗಳಲ್ಲಿ ಹೊರದೇಶದವರಿಗೂ ಜಾಗ ಸಿಗುತ್ತದೆ. ಆದರೆ ಸಂದರ್ಶನಕ್ಕೆ ಕರೆ ಬಂದಾಗ, ನಿಮ್ಮಲ್ಲಿ ಓದಿದ ಹೊರದೇಶದ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಎಲ್ಲೆಲ್ಲಿ ಮಾಡಿದರು ಎಂದು ಸಂಕೋಚವಿಲ್ಲದೆ ಕೇಳಿ.

ಅರ್ಜಿಗಳ ಕೊನೆಯ ದಿನ ಬಹುತೇಕ ಕಡೆ ಡಿಸೆಂಬರ್ ಮೊದಲ ವಾರದ ಆಸುಪಾಸು. ಜನವರಿ, ಫೆಬ್ರವರಿಯಲ್ಲಿ ಸಂದರ್ಶನ. ಪ್ರಾಧ್ಯಾಪಕರು ನಿಮ್ಮ ಪ್ರಶ್ನೆಯನ್ನು ಅಲ್ಲಾಡಿಸಿ ನೋಡುತ್ತಾರೆ: ಹೆಂಡತಿಯ ಆತಂಕ ಇಳಿಯಲಿಲ್ಲ ಎಂದರೆ ಅದು ಕುಡಿತದಿಂದಲೇ ಎಂದು ಹೇಗೆ ಹೇಳುತ್ತೀಯ, ಸಾಲದಿಂದಲೂ ಇರಬಹುದಲ್ಲ? ನನ್ನ ವಿದ್ಯಾರ್ಥಿನಿಗೂ ಇಂಥದ್ದೇ ಪ್ರಶ್ನೆ ಬಂತು. ಅವಳು ಗೊತ್ತಿಲ್ಲ ಎಂದಳು, ಆದರೆ ಗೊತ್ತುಮಾಡಿಕೊಳ್ಳಲು ಏನು ಮಾಡಬಹುದು ಎಂದು ಹತ್ತು ನಿಮಿಷ ವಿವರಿಸಿದಳು. ಅವರು ಕೇಳಬೇಕೆಂದಿದ್ದುದು ಆ ಹತ್ತು ನಿಮಿಷವನ್ನೇ. ಲ್ಯಾಬಿನ ಈಗಿನ ವಿದ್ಯಾರ್ಥಿಗಳ ಜೊತೆಗೂ ಮಾತಾಡಲು ಬಿಡುತ್ತಾರೆ. ಕಳಿಸಿದ ಕರಡನ್ನು ಪ್ರಾಧ್ಯಾಪಕರು ಎಷ್ಟು ದಿನದಲ್ಲಿ ಓದಿಕೊಡುತ್ತಾರೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಊರಿಗೆ ಕಳಿಸುತ್ತಾರಾ ಎಂದು ಅವರನ್ನು ಕೇಳಿ. ಐದಾರು ವರ್ಷ ಒಬ್ಬರ ಕೈಕೆಳಗೆ ಇರಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ಧನಸಹಾಯದ ಸಮೇತ ಸೀಟು ಬಂದರೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯವಿದೆ. ಅದಕ್ಕೂ ಮೊದಲು ಒಪ್ಪಿಕೊಳ್ಳಿ ಎಂದು ಯಾರೂ ಒತ್ತಾಯಿಸುವಂತಿಲ್ಲ ಎಂಬುದು ಅಲ್ಲಿನ ವಿಶ್ವವಿದ್ಯಾಲಯಗಳು ಮಾಡಿಕೊಂಡಿರುವ ಒಪ್ಪಂದ. ಎರಡು ಮೂರು ಕಡೆಯಿಂದ ಕರೆ ಬಂದ ಅದೃಷ್ಟವಂತರು, ಹೋಗುವುದಿಲ್ಲವೆಂದು ಮನಸ್ಸಿನಲ್ಲಿ ಗಟ್ಟಿಯಾದ ಸೀಟನ್ನು ಕೊನೆಯ ದಿನದವರೆಗೆ ಹಿಡಿದುಕೊಳ್ಳದೆ ಅಂದೇ ಒಂದು ಮೇಲ್ ಹಾಕಿ ಬಿಟ್ಟುಕೊಡಿ. ಆ ಲ್ಯಾಬಿನಲ್ಲಿ ಆ ವರ್ಷ ಇರುವುದು ಒಂದೇ ಜಾಗ, ಕಾಯುವ ಪಟ್ಟಿಯಲ್ಲಿ ಎರಡನೆಯವರಾಗಿ ಇರುವವರು ನಮ್ಮ ದಾವಣಗೆರೆಯವರೋ ಧಾರವಾಡದವರೋ ಆಗಿರಬಹುದು.